ಎರವಲು ಓದು: ಸೋಸೆಕಿಯ ಲಂಡನ್ ಮತ್ತು ನನ್ನ ಜಪಾನಿ ಪದವಿ

ಹೋದ ವರ್ಷ ನಮ್ಮ ವಿಭಾಗದ ಸೆಮಿನಾರಿನಲ್ಲಿ ನನ್ನ ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯವನ್ನು ಮಂಡಿಸಿದೆ. ನತ್ಸುಮೆ ಸೋಸೆಕಿಯ ‘ಕೊಕೊರೊ’ ಕಾದಂಬರಿಯ ಬಗ್ಗೆ ಇಪ್ಪತ್ತು ನಿಮಿಷದ ಮಾತು. ಮುಗಿದ ಮೇಲೆ ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಮೆತ್ತಗೆ ಕೇಳಿದರು: ‘ನೀವು ಹೇಳಿದ್ದು ಸ್ವಾರಸ್ಯವಾಗಿದೆ. ಆದರೆ ಜಪಾನಿನ ಯಾವ ವಿಮರ್ಶಕರು ಹೀಗೆ ಹೇಳಿದ್ದಾರೆ?’

ನಾನು ಓದಿದವರಲ್ಲಿ ಯಾರೂ ಹೇಳಿರಲಿಲ್ಲ. ‘ಯಾರೂ ಇಲ್ಲ ಸರ್’ ಎಂದು ಕೂತೆ. ಅವರದು ಕುಹಕವಾಗಿರಲಿಲ್ಲ. ಸಂಶೋಧನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಆದರೂ ಹಾಸ್ಟೆಲಿಗೆ ಮರಳುವಾಗ ನನಗೆ ಅನಿಸಿದ್ದು ಇಷ್ಟು: ಬಿ.ಎ., ಎಂ.ಎ., ಈಗ ಪಿಎಚ್.ಡಿ. ಎಂದು ಒಂಬತ್ತು ವರ್ಷ ಒಂದು ದೂರದ ದೇಶದ ಭಾಷೆ ಕಲಿತಿದ್ದೇನೆ. ಆ ಭಾಷೆಯಲ್ಲಿ ಓದಬಲ್ಲೆ, ಮಾತಾಡಬಲ್ಲೆ, ಪತ್ರ ಬರೆಯಬಲ್ಲೆ. ಆದರೆ ಆ ಭಾಷೆಯ ಒಂದು ಪುಸ್ತಕ ನನಗೆ ಹೀಗೆ ಕಂಡಿತು ಎಂದು ಹೇಳುವ ಹಕ್ಕು ನನಗಿದೆಯೇ? ಅಥವಾ ಅಲ್ಲಿಯವರು ಹೇಳಿದ್ದನ್ನು ಸರಿಯಾದ ವ್ಯಾಕರಣದಲ್ಲಿ ಮರಳಿ ಒಪ್ಪಿಸುವುದಷ್ಟೇ ನನ್ನ ಪಾಲಿನ ಕೆಲಸವೇ?

ಈ ಪ್ರಶ್ನೆಯನ್ನು ನನಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು, ನನಗಿಂತ ಬಹಳ ಹೆಚ್ಚಿನ ಯಾತನೆಯಲ್ಲಿ ಕೇಳಿಕೊಂಡವನು ಸೋಸೆಕಿಯೇ. ಅವನ ಕಾದಂಬರಿಯ ಬಗ್ಗೆ ಬರೆಯುತ್ತಾ ಅವನ ವಿದ್ಯಾರ್ಥಿ ಜೀವನವನ್ನು ನಾನು ಅಡಿಟಿಪ್ಪಣಿಗೆ ತಳ್ಳಿದ್ದೆ. ಈಗ ಅದನ್ನು ನಡುಮನೆಗೆ ಕರೆತರಬೇಕು ಅನಿಸಿದೆ.

ಮೊದಲು ಸೆಮಿನಾರಿನಲ್ಲಿ ನಾನು ಹೇಳಿದ್ದೇನು ಎನ್ನುವುದನ್ನು ಹೇಳಿಬಿಡುತ್ತೇನೆ. ‘ಕೊಕೊರೊ’ 1914ರಲ್ಲಿ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕತೆ ಹೇಳುವ ಹುಡುಗ ಕಾಮಾಕುರದ ಸಮುದ್ರತೀರದಲ್ಲಿ ಹಿರಿಯನೊಬ್ಬನನ್ನು ಕಂಡು, ತಾನಾಗಿಯೇ ಹಿಂಬಾಲಿಸಿ, ಪರಿಚಯ ಮಾಡಿಕೊಂಡು, ಅವನನ್ನು ‘ಸೆನ್ಸೇ’ ಎಂದು ಕರೆಯತೊಡಗುತ್ತಾನೆ. ಆ ಹಿರಿಯ ಯಾವ ಶಾಲೆಯಲ್ಲೂ ಪಾಠ ಹೇಳುವುದಿಲ್ಲ. ಯಾವ ಕೆಲಸವನ್ನೂ ಮಾಡುವುದಿಲ್ಲ. ಅವನ ನಿಜವಾದ ಹೆಸರು ಓದುಗರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಸೆನ್ಸೇ ಎಂಬ ಪದದ ಎರಡು ಅಕ್ಷರಗಳ ಅರ್ಥ ‘ಮೊದಲು ಹುಟ್ಟಿದವರು’ ಎಂದು. ಅಧ್ಯಾಪಕರಿಗೆ, ವೈದ್ಯರಿಗೆ, ಲೇಖಕರಿಗೆ, ವಕೀಲರಿಗೆ ಜಪಾನಿನಲ್ಲಿ ಹಾಗೆನ್ನುತ್ತಾರೆ. ಪಾಠ ಹೇಳದವನನ್ನು ಹಾಗೆ ಕರೆಯುವುದು ಇಂಗ್ಲಿಷ್ ಓದುಗನಿಗೆ ವಿವರಣೆ ಬೇಡುವ ಸಂಗತಿ. 1957ರಲ್ಲಿ ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದ ಎಡ್ವಿನ್ ಮೆಕ್ಲೆಲನ್ ಆ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡ.

ಕನ್ನಡದ ಹುಡುಗಿಯಾದ ನನಗೆ ಅಲ್ಲಿ ಯಾವ ತೊಡಕೂ ಆಗಲಿಲ್ಲ. ನಮಗೆ ‘ಮೇಷ್ಟ್ರು’ ಇದ್ದಾರೆ. ಪಿ. ಲಂಕೇಶರ ತರಗತಿಯಲ್ಲಿ ಒಂದು ದಿನವೂ ಕೂರದವರು ಅವರನ್ನು ಮೇಷ್ಟ್ರು ಎಂದು ಕರೆದರು, ಈಗಲೂ ಕರೆಯುತ್ತಾರೆ. ಆ ಪದದಲ್ಲಿ ಸಲಿಗೆಯೂ ಇದೆ, ಅಂಜಿಕೆಯೂ ಇದೆ. ನಾವಾಗಿ ಆರಿಸಿಕೊಂಡ ಹಿರಿಯ ಎಂಬ ಹೆಮ್ಮೆಯೂ ಇದೆ. ಕಾದಂಬರಿಯ ಮೊದಲ ಭಾಗವನ್ನು ನಾನು ಓದಿದ್ದು ಆ ಪದದ ಬೆಚ್ಚಗಿನಲ್ಲಿ. ನನ್ನ ವಾದದ ತಿರುಳು ಇದು: ಇಲ್ಲಿರುವುದು ಶಾಲೆಯ ಗುರುಶಿಷ್ಯ ಸಂಬಂಧವಲ್ಲ, ಮಠದ್ದೂ ಅಲ್ಲ. ಹೆತ್ತ ತಂದೆಯನ್ನು ಬಿಟ್ಟು ಇನ್ನೊಬ್ಬ ತಂದೆಯನ್ನು ತಾನೇ ಆರಿಸಿಕೊಳ್ಳುವ ಹೊಸಗಾಲದ ವಿದ್ಯಾವಂತನ ಕತೆ. ಅವನು ಓದಿದ್ದರಿಂದಲೇ ಆ ಆಯ್ಕೆ ಸಾಧ್ಯವಾಯಿತು, ಓದಿದ್ದರಿಂದಲೇ ಅದಕ್ಕೆ ದಂಡ ತೆರಬೇಕಾಯಿತು. ಈ ಓದಿಗೇ ‘ಯಾರು ಹೇಳಿದ್ದಾರೆ’ ಎಂಬ ಪ್ರಶ್ನೆ ಬಂದದ್ದು.

ಈಗ ಸೋಸೆಕಿಯ ಕಡೆಗೆ ಬರೋಣ. ಅವನು ಹುಟ್ಟಿದ್ದು 1867ರಲ್ಲಿ, ಮೇಜಿ ಯುಗ ಶುರುವಾಗುವ ಹಿಂದಿನ ವರ್ಷ. ಎಳವೆಯಲ್ಲಿ ಅವನ ಮನಸ್ಸನ್ನು ತುಂಬಿದ್ದು ಚೀನೀ ಅಭಿಜಾತ ಗ್ರಂಥಗಳು. ಹಳೆಯ ಚರಿತ್ರೆ, ಕವಿತೆಗಳನ್ನು ಓದಿ ‘ಸಾಹಿತ್ಯ ಎಂದರೆ ಹೀಗಿರುತ್ತದೆ’ ಎಂಬ ಒಂದು ಅಂದಾಜನ್ನು ಅವನು ಕಟ್ಟಿಕೊಂಡಿದ್ದ. ಇಂಗ್ಲಿಷ್ ಸಾಹಿತ್ಯವೂ ಅಂಥದ್ದೇ ಇರಬೇಕು, ಅದಾದರೆ ಜೀವಮಾನವನ್ನು ಮುಡಿಪಿಡಬಹುದು ಎಂದುಕೊಂಡು 1890ರಲ್ಲಿ ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಸೇರಿದ. 1893ರಲ್ಲಿ ಪದವಿ ಪಡೆದ. ಆ ವಿಭಾಗದಿಂದ ಹೊರಬಂದ ಎರಡನೆಯ ಪದವೀಧರ ಅವನು.

ಪದವಿ ಕೈಗೆ ಬಂದಾಗ ಅವನಿಗೆ ಆದದ್ದು ಸಂತೋಷವಲ್ಲ. ಮೋಸ ಹೋದೆ ಎಂಬ ಭಾವನೆ. ಪರೀಕ್ಷೆಯಲ್ಲಿ ವರ್ಡ್ಸ್‌ವರ್ತ್ ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ ಎಂದು ಕೇಳುತ್ತಿದ್ದರಂತೆ. ಷೇಕ್ಸ್‌ಪಿಯರನ ಫೋಲಿಯೊಗಳು ಎಷ್ಟು, ಸ್ಕಾಟ್ ಬರೆದ ಪುಸ್ತಕಗಳನ್ನು ಕಾಲಕ್ರಮದಲ್ಲಿ ಬರೆಯಿರಿ ಎಂದು ಕೇಳುತ್ತಿದ್ದರಂತೆ. ಮೂರು ವರ್ಷ ಓದಿಯೂ ಸಾಹಿತ್ಯ ಎಂದರೇನೆಂದು ತನಗೆ ತಿಳಿಯಲಿಲ್ಲ ಎಂದು ಅವನು ಬಹಳ ವರ್ಷಗಳ ನಂತರ ನೆನಪಿಸಿಕೊಂಡಿದ್ದಾನೆ.

1900ರಲ್ಲಿ, ಕುಮಾಮೊತೊದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನನ್ನು ಜಪಾನಿನ ಶಿಕ್ಷಣ ಇಲಾಖೆ ಎರಡು ವರ್ಷ ಇಂಗ್ಲೆಂಡಿಗೆ ಕಳಿಸಿತು. ಆದೇಶದಲ್ಲಿದ್ದದ್ದು ‘ಇಂಗ್ಲಿಷ್ ಭಾಷೆಯ ಅಧ್ಯಯನ’ ಎಂದು, ಸಾಹಿತ್ಯ ಎಂದಲ್ಲ. ಅವನು ಇಲಾಖೆಗೆ ಹೋಗಿ ಇದರ ಅರ್ಥವೇನು ಎಂದು ವಿಚಾರಿಸಿಕೊಂಡು ಬಂದ. ಸರ್ಕಾರಕ್ಕೆ ಬೇಕಾದದ್ದು ಚೆನ್ನಾಗಿ ಇಂಗ್ಲಿಷ್ ಕಲಿಸಬಲ್ಲ ಒಬ್ಬ ನೌಕರ; ಅವನಿಗೆ ಬೇಕಾದದ್ದು ತನ್ನ ಗೊಂದಲಕ್ಕೆ ಉತ್ತರ. ವರ್ಷಕ್ಕೆ 1800 ಯೆನ್ ಭತ್ಯೆ. ಅದರಲ್ಲಿ ಕೇಂಬ್ರಿಜ್‌ನ ಶ್ರೀಮಂತ ಹುಡುಗರ ನಡುವೆ ಬದುಕಲಾಗದು ಎಂದು ಕಂಡುಕೊಂಡು ಲಂಡನ್ನಿನಲ್ಲೇ ಉಳಿದ. ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲವು ದಿನ ಪಾಠ ಕೇಳಿ ಬಿಟ್ಟ. ಷೇಕ್ಸ್‌ಪಿಯರ್ ವಿದ್ವಾಂಸ ವಿಲಿಯಂ ಕ್ರೇಗ್‌ನ ಮನೆಗೆ ಸುಮಾರು ಒಂದು ವರ್ಷ ಪಾಠಕ್ಕೆ ಹೋದ. ಆಮೇಲೆ ಅದನ್ನೂ ನಿಲ್ಲಿಸಿ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡ. ಸಾಹಿತ್ಯದ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಓದಿ, ನೊಣದ ತಲೆಯಷ್ಟು ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಮಾಡಿದ. ಟಿಪ್ಪಣಿಗಳ ರಾಶಿ ಆರೇಳು ಅಂಗುಲ ಎತ್ತರ ಬೆಳೆಯಿತು. ಅವನಿಗೆ ಹುಚ್ಚು ಹಿಡಿದಿದೆ ಎಂಬ ಸುದ್ದಿ ಟೋಕಿಯೊ ತಲುಪಿತು. 1902ರ ಡಿಸೆಂಬರಿನಲ್ಲಿ ಊರಿಗೆ ಹಡಗು ಹತ್ತಿದ.

ಈ ಎರಡು ವರ್ಷಗಳ ಬಗ್ಗೆ ಸೋಸೆಕಿಯ ಎರಡು ಮುಖ್ಯ ಹೇಳಿಕೆಗಳಿವೆ. ಅವೆರಡನ್ನೂ ಜೊತೆಗಿಟ್ಟು ಓದಬೇಕು. ಮೊದಲನೆಯದು 1907ರಲ್ಲಿ ಪ್ರಕಟವಾದ ‘ಬುಂಗಕುರೊನ್’, ಎಂದರೆ ‘ಸಾಹಿತ್ಯ ಸಿದ್ಧಾಂತ’ ಎಂಬ ಗ್ರಂಥದ ಮುನ್ನುಡಿ. ಎರಡನೆಯದು 1914ರ ನವೆಂಬರಿನಲ್ಲಿ ಗಕುಶುಯಿನ್ ಎಂಬ, ದೊಡ್ಡ ಮನೆತನದ ಮಕ್ಕಳು ಓದುವ ಶಾಲೆಯಲ್ಲಿ ಮಾಡಿದ ‘ನನ್ನ ವ್ಯಕ್ತಿವಾದ’ ಎಂಬ ಭಾಷಣ. ನಮ್ಮ ತರಗತಿಯಲ್ಲಿ ಪ್ರಸ್ತಾಪವಾಗುತ್ತಿದ್ದದ್ದು ಎರಡನೆಯದು ಮಾತ್ರ. ಅದರಲ್ಲಿ ಲಂಡನ್ನಿನ ಕತ್ತಲೆಗೆ ಒಂದು ಬೆಳಕು ಸಿಗುತ್ತದೆ. ಇಂಗ್ಲಿಷರು ಇದು ಒಳ್ಳೆಯ ಕವಿತೆ ಎಂದರು ಎಂಬ ಕಾರಣಕ್ಕೇ ಒಳ್ಳೆಯದೆಂದು ತಲೆಯಾಡಿಸಿಕೊಂಡು ಬಂದಿದ್ದೆ, ಅದು ಎರವಲು ಬಟ್ಟೆ ತೊಟ್ಟು ಮೆರೆದ ಹಾಗೆ, ಇನ್ನು ನನ್ನ ನೆಲೆಯಲ್ಲಿ ನಿಂತು ನೋಡುತ್ತೇನೆ ಎಂದು ಅವನು ತೀರ್ಮಾನಿಸಿದನಂತೆ. ‘ಜಿಕೊ ಹೊನ್‌ಇ’ ಎಂಬ ನಾಲ್ಕಕ್ಷರದ ಮಾತು ಅದು. ‘ತನ್ನನ್ನೇ ನೆಲೆಯಾಗಿಸಿಕೊಳ್ಳುವುದು’ ಎನ್ನಬಹುದು. ಅದು ಸಿಕ್ಕ ಮೇಲೆ ತಾನು ಗಟ್ಟಿಯಾದೆ ಎನ್ನುತ್ತಾನೆ.

1907ರ ಮುನ್ನುಡಿಯಲ್ಲಿ ಈ ಬೆಳಕು ಕಾಣುವುದಿಲ್ಲ. ಅಲ್ಲಿರುವುದು ಅವಮಾನ, ಬಡತನ, ಸಿಟ್ಟು. ಬದುಕಿನಲ್ಲೇ ಅತ್ಯಂತ ಅಹಿತಕರವಾದ ಎರಡು ವರ್ಷಗಳು ಎಂಬ ನೇರ ಮಾತು. ಕೊನೆಗೆ ತನ್ನನ್ನು ಹುಚ್ಚ ಎಂದವರನ್ನು ಕುರಿತು ಒಂದು ಕಹಿ ವ್ಯಂಗ್ಯ: ಆ ಹುಚ್ಚೇ ತನ್ನಿಂದ ಕತೆ ಬರೆಸಿತು, ಅದಕ್ಕೆ ಕೃತಜ್ಞನಾಗಿದ್ದೇನೆ ಎಂದು. ಹಾಗಾದರೆ ಏಳು ವರ್ಷಗಳ ನಂತರ ಹೇಳಿದ ಕತೆ ಸುಳ್ಳೇ? ನನಗೆ ಹಾಗನಿಸುವುದಿಲ್ಲ. ಆದರೆ ‘ಲಂಡನ್ನಿನ ಕೋಣೆಯಲ್ಲಿ ಒಂದು ದಿನ ಜ್ಞಾನೋದಯವಾಯಿತು’ ಎಂಬ ರೀತಿಯಲ್ಲಿ ಅದನ್ನು ಓದುವುದು ತಪ್ಪು. ಆ ನಾಲ್ಕಕ್ಷರಕ್ಕೆ ಪೂರ್ತಿ ಅರ್ಥ ಬಂದದ್ದು ಮನೆಗೆ ಮರಳಿ ಪಾಠ ಹೇಳಿ, ಕೆಲಸ ಬಿಟ್ಟು, ಕಾದಂಬರಿಗಳನ್ನು ಬರೆದ ಮೇಲೆ. ಎಂದರೆ ತನ್ನ ನೆಲೆ ಎನ್ನುವುದು ಮೊದಲೇ ಕೈಯಲ್ಲಿದ್ದ ಆಸ್ತಿಯಲ್ಲ. ದುಡಿದು, ಸೋತು, ನಿಧಾನವಾಗಿ ಕಟ್ಟಿಕೊಂಡದ್ದು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ 1914ರ ಭಾಷಣದಷ್ಟೇ 1907ರ ಮುನ್ನುಡಿಯನ್ನೂ ಓದಿಸಬೇಕು.

ನನ್ನ ಕಲಿಕೆಯ ಕತೆ ಇಷ್ಟು ದಾರುಣವಲ್ಲ. ತಿಪಟೂರಿನಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್, ಪಿಯುಸಿ ಮುಗಿಸಿ ಉತ್ತರ ಭಾರತದ ವಿಶ್ವವಿದ್ಯಾಲಯವೊಂದರಲ್ಲಿ ಜಪಾನಿ. ಅಪ್ಪನ ದಿನಸಿ ಅಂಗಡಿಗೆ ಬಂದವರು ಈಗಲೂ ಕೇಳುತ್ತಾರೆ: ‘ಏನಮ್ಮಾ, ಜಪಾನಿ ಓದ್ಕೊಂಡು ಏನ್ ಮಾಡ್ತೀಯ? ಬಿಡದಿ ಟೊಯೊಟಾಗೆ ಸೇರ್ಕೋತೀಯಾ?’ ಕೇಳುವುದರಲ್ಲಿ ತಪ್ಪಿಲ್ಲ. ನನ್ನ ಜೊತೆ ಬಿ.ಎ. ಮಾಡಿದ ಹೆಚ್ಚಿನವರು ಇವತ್ತು ಕಂಪನಿಗಳಲ್ಲಿ ದುಭಾಷಿಗಳು, ಅನುವಾದಕರು. ನನಗಿಂತ ಚೆನ್ನಾಗಿ ಜಪಾನಿ ಮಾತಾಡುತ್ತಾರೆ, ನನಗಿಂತ ಚೆನ್ನಾಗಿ ಬದುಕುತ್ತಿದ್ದಾರೆ. ಇದನ್ನು ಕೊಂಕಿನಿಂದ ಹೇಳುತ್ತಿಲ್ಲ. ಸೋಸೆಕಿಯನ್ನು ಕಳಿಸಿದ ಇಲಾಖೆಗೂ ಬೇಕಾಗಿದ್ದದ್ದು ಕೆಲಸಕ್ಕೆ ಬರುವ ಭಾಷೆಯೇ. ಪರನಾಡಿನ ಭಾಷೆಯ ಪದವಿ ಎಲ್ಲ ಕಾಲದಲ್ಲೂ ಎರಡು ಯಜಮಾನರ ಸೇವೆ ಮಾಡುತ್ತದೆ.

ತೊಂದರೆ ಇರುವುದು ಕಲಿಸುವ ಬಗೆಯಲ್ಲಿ. ಮೊದಲ ವರ್ಷ ನಮಗೆ ಕ್ರಿಯಾಪದದ ಕೆಲವು ರೂಪಗಳನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ‘ಶಿತೆ ಮಿರು’ ಎಂದರೆ ‘ಮಾಡಲು ಪ್ರಯತ್ನಿಸು’ ಎಂಬಂತಹ ಅರ್ಥ. ‘ಶಿತೆ ಒಕು’ ಎಂದರೆ ‘ಮುಂದಿನ ಉಪಯೋಗಕ್ಕಾಗಿ ಮೊದಲೇ ಮಾಡುವುದು’. ‘ತಬೆತೆ ಶಿಮತ್ತಾ’ ಎಂದರೆ ‘ಪೂರ್ತಿಯಾಗಿ ತಿಂದದ್ದು, ಕೆಲವೊಮ್ಮೆ ವಿಷಾದದೊಂದಿಗೆ’. ಇಡೀ ತರಗತಿ ಇದನ್ನು ಬಾಯಿಪಾಠ ಮಾಡುತ್ತಿತ್ತು. ನನಗೆ ನಗು ಬರುತ್ತಿತ್ತು. ‘ಮಿರು’ ಎಂದರೆ ನೋಡು. ಶಿತೆ ಮಿರು ಎಂದರೆ ಮಾಡಿ ನೋಡು. ‘ಒಕು’ ಎಂದರೆ ಇಡು. ಶಿತೆ ಒಕು ಎಂದರೆ ಮಾಡಿಡು. ತಬೆತೆ ಶಿಮತ್ತಾ ಎಂದರೆ ತಿಂದುಬಿಟ್ಟ, ಅಷ್ಟೇ. ಆ ‘ಬಿಟ್ಟ’ದಲ್ಲಿ ಮುಗಿದುಹೋಯಿತಲ್ಲ ಎಂಬ ಅಯ್ಯೋ ಕೂಡ ಇದೆ. ಇಂಗ್ಲಿಷಿಗೆ ಒಂದು ಪ್ಯಾರಾ ಬೇಕಾದದ್ದು ಕನ್ನಡಕ್ಕೆ ಒಂದೇ ಪದದಲ್ಲಿ ಸಿಕ್ಕಿತ್ತು. ತಮಿಳು ಗೆಳತಿಗೂ ಅವಳ ಭಾಷೆಯಲ್ಲಿ ಹಾಗೆಯೇ ಸಿಕ್ಕಿತ್ತು. ಜಪಾನಿಗೂ ದ್ರಾವಿಡ ಭಾಷೆಗಳಿಗೂ ರಕ್ತಸಂಬಂಧವಿದೆ ಎಂದು ಇದರಿಂದ ಹೊರಡಿಸಬೇಕಿಲ್ಲ. ಸುಸುಮು ಓನೊ ಎಂಬ ವಿದ್ವಾಂಸರು ತಮಿಳಿನ ವಿಷಯದಲ್ಲಿ ಅಂಥ ವಾದ ಹೂಡಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನಾನು ಹೇಳುತ್ತಿರುವುದು ಕಲಿಕೆಯ ವಿಷಯ. ನನ್ನ ಮನೆಯ ಹಿತ್ತಲಿನಿಂದ ಜಪಾನಿಗೆ ಒಂದು ಕಾಲುದಾರಿ ಇತ್ತು. ಆದರೆ ತರಗತಿಯಲ್ಲಿ ಎಲ್ಲರೂ ಇಂಗ್ಲಿಷಿನ ಹೆದ್ದಾರಿಗೆ ಹೋಗಿ ಅಲ್ಲಿಂದ ಸುತ್ತಿ ಬರಬೇಕಿತ್ತು.

ಭಾಷೆಯ ವಿಷಯದಲ್ಲಿ ನಡೆದದ್ದೇ ಸಂಸ್ಕೃತಿಯ ವಿಷಯದಲ್ಲೂ ನಡೆಯಿತು. ಜಪಾನ್ ಬಗ್ಗೆ ನಾವು ಓದಿದ ಮೊದಲ ಪುಸ್ತಕಗಳಲ್ಲಿ ರೂತ್ ಬೆನೆಡಿಕ್ಟ್ 1946ರಲ್ಲಿ ಪ್ರಕಟಿಸಿದ ‘ದಿ ಕ್ರಿಸಾಂತಮಮ್ ಅಂಡ್ ದಿ ಸ್ವೋರ್ಡ್’ ಒಂದು. ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರಕ್ಕಾಗಿ ಮಾಡಿದ ಅಧ್ಯಯನದಿಂದ ಹುಟ್ಟಿದ ಪುಸ್ತಕ ಅದು. ಬರೆದಾಕೆ ಜಪಾನಿಗೆ ಕಾಲಿಟ್ಟಿರಲಿಲ್ಲ. ಜಪಾನಿ ಸಾಹಿತ್ಯವನ್ನು ಜಗತ್ತಿಗೆ ಪರಿಚಯಿಸಿದ ದೊಡ್ಡ ವಿದ್ವಾಂಸ ಡೊನಾಲ್ಡ್ ಕೀನ್ ಕೂಡ ಅಮೆರಿಕದ ನೌಕಾದಳದ ಭಾಷಾಶಾಲೆಯಲ್ಲಿ ತರಬೇತಿ ಪಡೆದವರು. ಅವರ ಋಣ ನನ್ನ ಮೇಲೆ ಬಹಳ ಇದೆ. ಆದರೆ ಬೆನೆಡಿಕ್ಟ್ ಕೇಳಿದ ‘ಈ ಶತ್ರುವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ’ ಎಂಬ ಪ್ರಶ್ನೆ ನನ್ನ ಪ್ರಶ್ನೆಯಲ್ಲ. ತಿಪಟೂರಿನ ಹುಡುಗಿಗೆ ಜಪಾನ್ ಯಾವತ್ತೂ ಶತ್ರುವಾಗಿರಲಿಲ್ಲ. ಅವರ ಉತ್ತರಗಳನ್ನು ಎರವಲು ಪಡೆದಾಗ ಗೊತ್ತಿಲ್ಲದೆ ಅವರ ಪ್ರಶ್ನೆಗಳನ್ನೂ ಹೊತ್ತು ತಂದಿರುತ್ತೇವೆ.

ಪರೀಕ್ಷೆಯೂ ಇದಕ್ಕೆ ತಕ್ಕ ಹಾಗೆಯೇ ಇದೆ. ಪ್ರಪಂಚದಾದ್ಯಂತ ಜಪಾನಿ ಕಲಿಯುವವರು ಬರೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಯಾವ ಹಂತದಲ್ಲೂ ಸ್ವಂತದ ಒಂದು ವಾಕ್ಯ ಬರೆಯಬೇಕಿಲ್ಲ, ಮಾತಾಡಬೇಕಿಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿದರೆ ಸಾಕು. ಎನ್1 ಪಾಸಾದ ದಿನ ನಾನೂ ಸಿಹಿ ಹಂಚಿದ್ದೆ. ವರ್ಡ್ಸ್‌ವರ್ತ್ ಸತ್ತ ಇಸವಿ ಬರೆದು ಪಾಸಾದ ಸೋಸೆಕಿಯ ನೆನಪು ಅವತ್ತು ಬರಲಿಲ್ಲ.

ಇಲ್ಲಿಯವರೆಗೆ ಓದಿದವರಿಗೆ, ಇವಳು ಕೊನೆಗೆ ‘ನಮ್ಮ ನೆಲ, ನಮ್ಮ ಓದು’ ಎಂಬಲ್ಲಿಗೆ ಬಂದು ನಿಲ್ಲುತ್ತಾಳೆ ಎನಿಸಿರಬಹುದು. ನಾನೂ ಕೆಲವು ತಿಂಗಳು ಅಲ್ಲಿಯೇ ನಿಂತಿದ್ದೆ. ಮೂರು ಸಂಗತಿಗಳು ನನ್ನನ್ನು ಅಲ್ಲಿಂದ ಕದಲಿಸಿದವು.

ಒಂದು, ಸೋಸೆಕಿಯ ‘ತನ್ನದು’ ಯಾವುದು ಎಂಬುದು. ಅವನು ಇಂಗ್ಲಿಷ್ ಸಾಹಿತ್ಯಕ್ಕೆ ಎದುರಾಗಿ ಇಟ್ಟುಕೊಂಡ ತನ್ನ ಅಭಿರುಚಿ ಚೀನೀ ಗ್ರಂಥಗಳಿಂದ ಬಂದದ್ದು. ಚೀನೀ ಭಾಷೆಯೂ ಜಪಾನಿಗೆ ಪರಭಾಷೆಯೇ. ಸಾವಿರಕ್ಕೂ ಹೆಚ್ಚು ವರ್ಷಗಳ ಓದಿನಿಂದ ಅದು ಅವರದಾಗಿತ್ತು. ನನ್ನ ‘ಮೇಷ್ಟ್ರು’ ತಾನೆ ಎಲ್ಲಿಯ ಪದ? ಇಂಗ್ಲಿಷಿನ ‘ಮಾಸ್ಟರ್’ ಕನ್ನಡದ ಬಾಯಲ್ಲಿ ಸವೆದು ಮೇಷ್ಟ್ರಾಗಿದೆ. ಅಪ್ಪಟ ಕನ್ನಡದ್ದು ಎಂದು ನಾನು ಹೆಮ್ಮೆಯಿಂದ ಮುಂದಿಟ್ಟ ಪದವೇ ಹಳೆಯ ಎರವಲು. ತನ್ನ ನೆಲೆ ಎಂದರೆ ರಕ್ತದಲ್ಲಿ ಬಂದದ್ದಲ್ಲ, ಬಳಸಿ ಬಳಸಿ ನಮ್ಮದಾದದ್ದು. ಹಾಗಿದ್ದರೆ ಜಪಾನಿಯೂ ಒಂದು ದಿನ ಆ ಲೆಕ್ಕಕ್ಕೆ ಸೇರಬಹುದು.

ಎರಡು, ಸೋಸೆಕಿಯ ಸಿದ್ಧಾಂತದ ಸೋಲು. ಚೀನೀ ಸಾಹಿತ್ಯ, ಇಂಗ್ಲಿಷ್ ಸಾಹಿತ್ಯ ಎರಡನ್ನೂ ಒಂದೇ ವ್ಯಾಖ್ಯೆಯಲ್ಲಿ ಹಿಡಿಯಲಾಗದು ಎಂದು ಅವನಿಗೆ ಅನಿಸಿತ್ತು. ಅಸಾಧಾರಣವಾದ ಒಳನೋಟ ಅದು. ಆದರೆ ಆ ವ್ಯತ್ಯಾಸದಲ್ಲೇ ನಿಂತು ಕೆಲಸ ಮಾಡುವ ಬದಲು, ಎರಡಕ್ಕೂ ಮೇಲಿನ ಒಂದು ವೈಜ್ಞಾನಿಕ ಸೂತ್ರವನ್ನು ಹುಡುಕಿ ಹೋದ. ಗ್ರಂಥ ದೊಡ್ಡದಾಯಿತು. ಅವನ ಪಾಠ ಟೋಕಿಯೊದ ವಿದ್ಯಾರ್ಥಿಗಳಿಗೆ ಹಿಡಿಸಲಿಲ್ಲ. ಅವನಿಗಿಂತ ಹಿಂದೆ ಅಲ್ಲಿ ಕಲಿಸುತ್ತಿದ್ದ ಲಾಫ್ಕಾಡಿಯೊ ಹರ್ನ್‌ನನ್ನೇ ಅವರು ನೆನೆಯುತ್ತಿದ್ದರು. ಕೊನೆಗೆ ತಾನೇ ಆ ಗ್ರಂಥವನ್ನು ವಿಫಲ ಯತ್ನ ಎಂದ. ಸೂತ್ರದಲ್ಲಿ ಸಿಗದ ವ್ಯತ್ಯಾಸ ಅವನ ಕಾದಂಬರಿಗಳಲ್ಲಿ ಉಸಿರಾಡಿತು. ಸಾಹಿತ್ಯ ಎಲ್ಲೆಡೆ ಒಂದೇ ಎನ್ನುವುದೂ, ನಮ್ಮದು ನಮಗೆ ಎನ್ನುವುದೂ ವ್ಯತ್ಯಾಸದಿಂದ ತಪ್ಪಿಸಿಕೊಳ್ಳುವ ಎರಡು ದಾರಿಗಳು ಎಂದು ನನಗೆ ಅರ್ಥವಾದದ್ದು ಹೀಗೆ.

ಮೂರನೆಯದು ಕಷ್ಟದ್ದು. 1909ರಲ್ಲಿ ಸೋಸೆಕಿ ಮಂಚೂರಿಯ, ಕೊರಿಯಾಗಳಿಗೆ ಹೋದ. ಆಹ್ವಾನಿಸಿದವನು ದಕ್ಷಿಣ ಮಂಚೂರಿಯ ರೈಲ್ವೆಯ ಅಧ್ಯಕ್ಷನಾಗಿದ್ದ ಹಳೆಯ ಗೆಳೆಯ. ಅಂದರೆ ಜಪಾನಿನ ಸಾಮ್ರಾಜ್ಯ ವಿಸ್ತರಣೆಯ ಯಂತ್ರದ ಅತಿಥಿಯಾಗಿ ಹೋದದ್ದು. ಆ ಪ್ರವಾಸದ ಬರಹದಲ್ಲಿ ಬಂದರಿನ ಚೀನೀ ಕೂಲಿಗಳನ್ನು ಅವನು ಕಂಡ ರೀತಿ ಓದಿದರೆ ಮೈ ಮುದುಡುತ್ತದೆ. ಅವರ ಕೊಳಕು, ಅವರ ಗದ್ದಲವಷ್ಟೇ ಅವನ ಕಣ್ಣಿಗೆ ಬೀಳುತ್ತದೆ. ಲಂಡನ್ನಿನ ಬೀದಿಯಲ್ಲಿ ತನ್ನನ್ನು ಕುಳ್ಳ, ಹಳದಿ ಎಂದು ನೋಡುತ್ತಾರೆ ಎಂದು ಕುಗ್ಗಿದವನು, ಚೀನಾದ ಗ್ರಂಥಗಳಿಂದ ಸಾಹಿತ್ಯದ ಅರ್ಥ ಕಲಿತವನು, ಚೀನಾದ ಜೀವಂತ ಮನುಷ್ಯನ ಎದುರು ನಿಂತಾಗ ಅದೇ ಲಂಡನ್ನಿನ ಕಣ್ಣನ್ನು ಎರವಲು ಪಡೆದ. ‘ನನ್ನ ನೆಲೆ’ ಎಂಬ ಮಾತಿಗೆ ಎದುರಿನವನ ನೆಲೆಯ ಅರಿವಿಲ್ಲದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1914ರ ಭಾಷಣದ ದ್ವಿತೀಯಾರ್ಧದಲ್ಲಿ, ಮುಂದೆ ಅಧಿಕಾರ ಮತ್ತು ಹಣ ಹಿಡಿಯಲಿದ್ದ ಆ ಹುಡುಗರಿಗೆ, ನಿಮ್ಮ ವ್ಯಕ್ತಿತ್ವಕ್ಕೆ ಬೆಲೆ ಬೇಕಾದರೆ ಇನ್ನೊಬ್ಬರದಕ್ಕೂ ಬೆಲೆ ಕೊಡಿ ಎಂದು ಅವನು ಒತ್ತಿ ಹೇಳುತ್ತಾನೆ. ಮೊದಲರ್ಧವನ್ನು ಮಾತ್ರ ಪ್ರಸ್ತಾಪಿಸುವವರು ಇದನ್ನು ಬಿಟ್ಟುಬಿಡುತ್ತಾರೆ.

ಕನ್ನಡದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಬಿ.ಎಂ.ಶ್ರೀ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಅವರ ಓದಿನ ಫಲ ಬಂದದ್ದು ‘ಇಂಗ್ಲಿಷ್ ಗೀತಗಳು’ ಎಂಬ ಕನ್ನಡ ಪುಸ್ತಕದಲ್ಲಿ, ಕನ್ನಡ ಕವಿತೆಯ ಲಯವನ್ನೇ ಬದಲಿಸಿದ ರೂಪದಲ್ಲಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಬಗ್ಗೆ ಪಿಎಚ್.ಡಿ. ಮಾಡಲು. ಅಲ್ಲಿದ್ದಾಗ ಅವರು ಬರೆದದ್ದು ‘ಸಂಸ್ಕಾರ’. ಇವತ್ತು ನಾವು ಓದುವುದು ಆ ಪ್ರಬಂಧವನ್ನಲ್ಲ, ಕಾದಂಬರಿಯನ್ನು. ಎ.ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು ಕನ್ನಡ ವ್ಯಾಕರಣದ ಮೇಲೆ. ಇವರೆಲ್ಲರಿಗೂ ಪರಭಾಷೆಯ ವಿದ್ಯೆ ಮನೆಗೆ ಮರಳುವ ದಾರಿಯಾಯಿತು. ನಾನು ಈ ಪರಂಪರೆಯ ಮಗಳೇ. ಆದರೂ ಇದು ನನಗೆ ಪೂರ್ತಿ ಉತ್ತರವಾಗಲಿಲ್ಲ. ಅವರು ಬರೆದದ್ದು ಕನ್ನಡಕ್ಕೆ, ಅಥವಾ ಕನ್ನಡದ ಬಗ್ಗೆ. ಅದನ್ನು ತೂಗುವ ಹಕ್ಕು ಅವರಿಗೆ ಹುಟ್ಟಿನಿಂದಲೇ ಇತ್ತು. ನಾನು ಬರೆಯುತ್ತಿರುವುದು ಜಪಾನಿನ ಕಾದಂಬರಿಯ ಬಗ್ಗೆ. ಮನೆಗೆ ಮರಳಿದರೆ ಆ ಪ್ರಶ್ನೆಯಿಂದ ನುಣುಚಿಕೊಂಡಂತೆ.

ಹಾಗಾಗಿ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ‘ಮೇಷ್ಟ್ರು’ ಎಂಬ ಓದನ್ನು ತೆಗೆದುಹಾಕಿಲ್ಲ. ಆದರೆ ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ಗುರುತು ಹಾಕುತ್ತಿದ್ದೇನೆ. ಕಾದಂಬರಿಯ ಎರಡನೆಯ ಭಾಗದವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಹುಡುಗ ಪದವಿ ಮುಗಿಸಿ ಹಳ್ಳಿಗೆ ಬರುತ್ತಾನೆ. ಟೋಕಿಯೊದಲ್ಲಿ ಅವನು ದುರ್ಬೀನಿನಂತೆ ಸುರುಳಿ ಸುತ್ತಿ ಕಿಟಕಿಯಾಚೆ ನೋಡಿದ ಪದವಿ ಪತ್ರವನ್ನು ಕಾಯಿಲೆಯ ತಂದೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಲು ಹೆಣಗುತ್ತಾನೆ. ಸುಕ್ಕಾದ ಕಾಗದ ಮತ್ತೆ ಮತ್ತೆ ಬೀಳುತ್ತದೆ. ನಿನ್ನ ಸೆನ್ಸೇಗೆ ಬರೆದು ಒಂದು ಕೆಲಸ ಕೊಡಿಸಲು ಕೇಳು ಎಂದು ಮನೆಯವರು ಒತ್ತಾಯಿಸುತ್ತಾರೆ. ನನ್ನ ಎಂ.ಎ. ಪದವಿ ಪತ್ರ ಅಪ್ಪನ ಅಂಗಡಿಯಲ್ಲಿ ದೇವರ ಪಟದ ಪಕ್ಕ ಫ್ರೇಮಿನಲ್ಲಿದೆ. ಆ ಪುಟಗಳಿಗೆ ನನಗೆ ಅಡಿಟಿಪ್ಪಣಿ ಬೇಡ.

ಮೂರನೆಯ ಭಾಗದಲ್ಲಿ ನನ್ನ ಪದ ಸೋಲುತ್ತದೆ. ನಮ್ಮಲ್ಲಿ ಮೇಷ್ಟ್ರು, ಶಿಷ್ಯರ ಮುನಿಸು ಬಹಿರಂಗವಾಗಿ ನಡೆಯುತ್ತದೆ. ಪತ್ರಿಕೆಯ ಪುಟಗಳಲ್ಲಿ ಜಗಳವಾಗಿ, ವರ್ಷಗಳ ನಂತರ ಒಂದು ಶ್ರದ್ಧಾಂಜಲಿ ಲೇಖನದಲ್ಲಿ ರಾಜಿಯಾಗುತ್ತದೆ. ಸೆನ್ಸೇ ಹಾಗಲ್ಲ. ಇವತ್ತು ನೀನು ನನ್ನ ಮುಂದೆ ಬಾಗಿದ ನೆನಪೇ ನಾಳೆ ನನ್ನನ್ನು ತುಳಿಯಲು ನಿನ್ನನ್ನು ಪ್ರೇರೇಪಿಸುತ್ತದೆ ಎಂದು ಹುಡುಗನನ್ನು ಅವನು ಮೊದಲೇ ಎಚ್ಚರಿಸಿರುತ್ತಾನೆ. ಗೆಳೆಯನಿಗೆ ಮಾಡಿದ ದ್ರೋಹವನ್ನು ಹೆಂಡತಿಗೂ ಹೇಳದೆ ಬದುಕಿರುತ್ತಾನೆ. 1912ರಲ್ಲಿ ಮೇಜಿ ಚಕ್ರವರ್ತಿ ತೀರಿಕೊಂಡು, ಜನರಲ್ ನೋಗಿ ಅವನ ಹಿಂದೆಯೇ ಪ್ರಾಣ ಬಿಟ್ಟ ಮೇಲೆ, ತನ್ನ ಬದುಕನ್ನೆಲ್ಲ ಒಂದು ದೀರ್ಘ ಪತ್ರದಲ್ಲಿ ಬರೆದಿಟ್ಟು ತಾನೂ ಸಾಯುತ್ತಾನೆ. ಹುಡುಗ ಸಾಯುತ್ತಿರುವ ತಂದೆಯನ್ನು ಬಿಟ್ಟು ರೈಲು ಹತ್ತುತ್ತಾನೆ. ಚಕ್ರವರ್ತಿಯ ಹಿಂದೆ ಸಾಯುವುದು ಒಂದು ಯುಗದ ವಿದ್ಯಾವಂತನ ಖಾಸಗಿ ಅಪರಾಧಕ್ಕೆ ಹೇಗೆ ನೆವವಾಯಿತು ಎಂಬುದನ್ನು ‘ಮೇಷ್ಟ್ರು’ ಎಂಬ ಪದದಿಂದ ತೆರೆಯಲಾಗದು. ಇಲ್ಲಿ ನನಗೆ ಜಪಾನಿನ ವಿಮರ್ಶಕರು ಬೇಕು, ಇತಿಹಾಸಕಾರರು ಬೇಕು. ಅವರ ಮುಂದೆ ಕೂತು ಕಲಿಯಲೇಬೇಕು. ಆದರೆ ಈ ಸಾರಿ ಕೇಳುವ ಪ್ರಶ್ನೆ ನನ್ನದು, ಏಕೆಂದರೆ ನನ್ನ ಓದು ಎಲ್ಲಿ ಕುಸಿಯಿತು ಎಂದು ನನಗೆ ಗೊತ್ತಿದೆ. ಎರವಲು ಓದಿಗೆ ತಾನು ಕುಸಿದ ಜಾಗವೂ ಗೊತ್ತಾಗುವುದಿಲ್ಲ.

ಪರನಾಡಿನ ಸಾಹಿತ್ಯದಲ್ಲಿ ಪದವಿ ಎಂದರೆ ಇಷ್ಟೇ ಎಂದು ಸದ್ಯಕ್ಕೆ ಅಂದುಕೊಂಡಿದ್ದೇನೆ. ಮೊದಲು ನಮ್ಮ ಕಣ್ಣಿನಿಂದ ಓದುವ ಧೈರ್ಯ. ಆಮೇಲೆ ಅದು ಸಾಲದಾಗುವ ಜಾಗವನ್ನು ಮುಚ್ಚಿಡದೆ ತೋರಿಸುವ ಪ್ರಾಮಾಣಿಕತೆ. ಮೊದಲನೆಯದಿಲ್ಲದೆ ಎರಡನೆಯದು ಬರುವುದಿಲ್ಲ. ಎರಡನೆಯದಿಲ್ಲದೆ ಹೋದರೆ ಮೊದಲನೆಯದು ಬಂದರಿನ ಕೂಲಿಗಳನ್ನು ನೋಡಿದ ಕಣ್ಣಾಗುತ್ತದೆ.

1911ರಲ್ಲಿ ಜಪಾನ್ ಸರ್ಕಾರ ಸೋಸೆಕಿ ಕೇಳದೆಯೇ ಅವನಿಗೆ ಡಾಕ್ಟರೇಟ್ ಕೊಟ್ಟಿತು. ಅವನು ಬೇಡ ಎಂದು ಹಿಂದಿರುಗಿಸಿದ. ನನಗೆ ಅಂಥ ಐಷಾರಾಮವಿಲ್ಲ. ಫೆಲೋಶಿಪ್ ಇನ್ನು ಒಂದು ವರ್ಷಕ್ಕೆ ಮುಗಿಯುತ್ತದೆ, ಪ್ರಬಂಧ ಒಪ್ಪಿಸಬೇಕು. ಮುಂದಿನ ತಿಂಗಳು ಅದೇ ಕೋಣೆಯಲ್ಲಿ, ಅದೇ ಪ್ರಾಧ್ಯಾಪಕರ ಎದುರು ಮತ್ತೆ ಅಧ್ಯಾಯ ಮಂಡಿಸುತ್ತೇನೆ. ‘ಯಾರು ಹೇಳಿದ್ದಾರೆ’ ಎಂದು ಕೇಳಿದರೆ ಈ ಸಲವೂ ‘ಯಾರೂ ಇಲ್ಲ ಸರ್’ ಎಂದೇ ಹೇಳಬೇಕು. ಆದರೆ ಅಷ್ಟು ಹೇಳಿ ಕೂರುವುದಿಲ್ಲ. ಅವರು ಯಾಕೆ ಹಾಗೆ ಹೇಳಲಿಲ್ಲ, ನನಗೆ ಯಾಕೆ ಹಾಗೆ ಕಂಡಿತು ಎನ್ನುವುದನ್ನು ವಿವರಿಸುವ ಹತ್ತು ಪುಟ ಈಗ ನನ್ನ ಕೈಯಲ್ಲಿದೆ.